ಕೌಂಟರಿನ ಕೆಳಗಿನ ಹೆಸರು

ಸೋಮವಾರ, ಹದಿನಾಲ್ಕನೇ ತಾರೀಖು
ಕಚೇರಿ, ಊಟದ ಬಿಡುವು

ನನ್ನ ಮೊಂಡಿ ಮಗಳಿಗೆ,

ಅಮ್ಮನ ಆಶೀರ್ವಾದ, ಅದರ ಬೆನ್ನಿಗೇ ಬೈಗುಳ. ಎರಡನ್ನೂ ತಗೋ.

ಫೋನ್ ಇರುವಾಗ ಪತ್ರ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಈ ತಿಂಗಳು ನಾನು ಮಾಡಿದ ಐದು ಫೋನನ್ನೂ ನೀನು ಅರ್ಧಕ್ಕೇ ಕಟ್ ಮಾಡಿದ್ದೀಯ. ಪತ್ರವನ್ನು ಹಾಗೆ ಮಾಡಲಾಗದು. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಓದಿಯೇ ಓದುತ್ತೀಯ, ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ. ನಮ್ಮ ಟಪಾಲಿನವರು ದಿನಾ ನಿನ್ನ ಸ್ಕೂಲಿನ ಮುಂದೆಯೇ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ನಾಳೆ ಬೆಳಗ್ಗೆ ನಿನ್ನ ಕೈಗೇ ಕೊಡಬೇಕು, ಅಳಿಯಂದಿರ ಕೈಗಲ್ಲ ಎಂದು ಎರಡೆರಡು ಸಲ ಹೇಳಿದ್ದೇನೆ.

ಮೊದಲು ಮುಖ್ಯವಾದದ್ದು. ಈ ಗುರುವಾರ ಗುಂಡನಿಗೆ ವರ್ಷ ತುಂಬುತ್ತದೆ. ಗುಂಡ ಎಂದು ಮುದ್ದಿಗೆ ಕರೆದರೆ ಸಾಲದು, ಅಂದು ಸಂಜೆ ಐದರೊಳಗೆ ಅವನ ಹೆಸರು ಬರೆಸದಿದ್ದರೆ ಆಮೇಲೆ ಅಫಿಡವಿಟ್ಟು, ಇಬ್ಬರು ಸಾಕ್ಷಿ, ಮೇಲಿನ ಕಚೇರಿಯ ಅನುಮತಿ. ಅಲ್ಲಿ ಒಬ್ಬರಿದ್ದರೆ ಇನ್ನೊಬ್ಬರು ಇರುವುದಿಲ್ಲ. ಜನನ ನೋಂದಣಿ ಕೌಂಟರಿನಲ್ಲಿ ಕೂತು ಇಪ್ಪತ್ತೆಂಟು ವರ್ಷದಿಂದ ಇದನ್ನು ಕಂಡಕಂಡವರಿಗೆಲ್ಲ ಗಿಣಿಪಾಠದ ಹಾಗೆ ಒಪ್ಪಿಸಿದ್ದೇನೆ. ಕೇಳಿದವರೆಲ್ಲ ಓಡೋಡಿ ಬಂದು ಬರೆಸಿಕೊಂಡು ಹೋಗಿದ್ದಾರೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೊಬ್ಬಳನ್ನು ಬಿಟ್ಟು. ರಿಜಿಸ್ಟರಿನಲ್ಲಿ ನಿನ್ನ ಹೆಸರಿದೆ, ನಿನ್ನ ಗಂಡನ ಹೆಸರಿದೆ, ಆಸ್ಪತ್ರೆಯ ಹೆಸರಿದೆ. ಮಗುವಿನ ಹೆಸರು ಎಂಬ ಜಾಗ ಮಾತ್ರ ಬಟಾಬಯಲು. ಪಕ್ಕದ ಮೇಜಿನಲ್ಲಿ ಮೊಹರು ಒತ್ತುವವರಂತೂ ದಿನಕ್ಕೆರಡು ಸಲ ಆ ಪುಟ ತೆರೆದು, "ಏನ್ರೀ ಮೇಡಂ, ಊರಿಗೆಲ್ಲ ಹೆಸರು ಹಂಚಿ ನಿಮ್ಮನೆಗೇ ಸ್ಟಾಕ್ ಇಲ್ವಾ?" ಎಂದು ಕೇಳುತ್ತಾರೆ. ನಗುವುದಾ ಅಳುವುದಾ ಗೊತ್ತಾಗದೆ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂರುತ್ತೇನೆ.

ಇನ್ನೊಂದು ವಿಷಯ, ಹೇಳಲು ಸ್ವಲ್ಪ ಸಂಕೋಚ. ತಿಂಗಳ ಕೊನೆಗೆ ನನಗೆ ನಿವೃತ್ತಿ. ಮುಂದಿನ ತಿಂಗಳಿಂದ ಕೈಬರಹದ ರಿಜಿಸ್ಟರೇ ಇರುವುದಿಲ್ಲ, ಎಲ್ಲ ಕಂಪ್ಯೂಟರಿಗೆ. ಊರಿನ ಅರ್ಧ ಮಕ್ಕಳ ಹೆಸರು ನನ್ನ ಅಕ್ಷರದಲ್ಲಿದೆ, ನನ್ನ ಮನೆಯದು ಒಂದೂ ಇಲ್ಲ. ನಿನ್ನ ಹೆಸರು ಬರೆದವರು ನನಗಿಂತ ಮುಂಚೆ ಇದ್ದ ಗುಮಾಸ್ತರು, ಅದೂ ಶಾಯಿ ಚೆಲ್ಲಿ. ನಿನ್ನ ಹೆಸರಿನ ಕೊನೆಯ ಅಕ್ಷರ ಇವತ್ತಿಗೂ ಒಂದು ಕಪ್ಪು ಮಚ್ಚೆ. ಗುಂಡನ ಹೆಸರನ್ನು ನಾನೇ ಬರೆಯಬೇಕು, ಮಚ್ಚೆಯಿಲ್ಲದೆ, ದುಂಡಗೆ. ಇಷ್ಟೇ ನನ್ನ ಆಸೆ. ಇದು ಅತಿಯಾಯಿತಾ, ನೀನೇ ಹೇಳು.

ಈಗ ನಿನ್ನ ಪಟ್ಟಿಗೆ ಬರುತ್ತೇನೆ. ಬುಧವಾರ ಅಳಿಯಂದಿರು ತಂದು ಕೊಟ್ಟು ಹೋದರು. ನಲವತ್ತು ಹೆಸರು! ಫೋನಿನಿಂದ ಅಚ್ಚು ಹಾಕಿಸಿದ್ದು, ಅಂಗಡಿಗೆ ಸಾಮಾನು ಬರೆದ ಹಾಗೆ ಒಂದರ ಕೆಳಗೊಂದು, ಪ್ರತಿಯೊಂದರ ಮುಂದೆ ಅರ್ಥ, ಮೂಲ, ಜನಪ್ರಿಯತೆ ಎಂದು ಮೂರು ಕಾಲಂ. ಯಾವ್ಯಾವುದಕ್ಕೋ ಗುರುತು ಹಾಕಿ, ಹೊಡೆದು, ಮತ್ತೆ ಗುರುತು ಹಾಕಿ, ರಬ್ಬರು ಉಜ್ಜಿ ಉಜ್ಜಿ ಕಾಗದವೇ ತೂತಾಗಿದೆ. ಏಳನೆಯ ಹೆಸರಿಗೆ "ಆಕಾಶದಾಚೆಯ ಮೌನ" ಎಂದು ಅರ್ಥವಂತೆ. ಗುಂಡ ಬಾಯಿಬಿಟ್ಟರೆ ಮೂರನೇ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ, ಅವನಿಗೆ ಮೌನ! ಹತ್ತೊಂಬತ್ತನೆಯದರಲ್ಲಿ ಎಷ್ಟು ಒತ್ತಕ್ಷರ ಎಂದರೆ ರಸ್ತೆ ದಾಟುವ ಮಗುವನ್ನು ಆ ಹೆಸರಿನಿಂದ ಕೂಗಿ ನಿಲ್ಲಿಸಬೇಕಾದರೆ ಲಾರಿಯೇ ಬಂದುಬಿಟ್ಟಿರುತ್ತದೆ. ಮೂವತ್ತೆರಡನೆಯದರ ಜನಪ್ರಿಯತೆ ಸೊನ್ನೆ, ಅದಕ್ಕೆ ನೀನು ಖುಷಿಯಿಂದ ಎರಡು ನಕ್ಷತ್ರ ಬರೆದಿದ್ದೀಯ. ಯಾರೂ ಯಾಕೆ ಇಟ್ಟಿಲ್ಲ ಎಂದು ಒಂದು ನಿಮಿಷ ಯೋಚಿಸಬಾರದಿತ್ತಾ ತಾಯಿ? ಜೋರಾಗಿ ಹೇಳಿ ನೋಡು, ಸೀನು ಬಂದ ಹಾಗಿದೆ.

ಕೊನೆಯಲ್ಲಿ, ಮಕ್ಕಳ ಉತ್ತರಪತ್ರಿಕೆ ತಿದ್ದುವ ಆ ನಿನ್ನ ಕೆಂಪು ಪೆನ್ನಿನಲ್ಲಿ, ಒಂದು ಹೆಸರಿಗೆ ಸುತ್ತು ಹಾಕಿ, "ಇದೊಂದನ್ನು ಬಿಟ್ಟು! ಇದನ್ನು ನನ್ನ ಮುಂದೆ ಹೇಳಲೂ ಬೇಡ, ಬರೆಯಲೂ ಬೇಡ" ಎಂದು ಅಪ್ಪಣೆ ಬರೆದಿದ್ದೀಯ. ಆಗಲಿ. ಬರೆಯುವುದಿಲ್ಲ. ಹೇಗೂ ಎರಡೇ ಅಕ್ಷರದ ಹೆಸರು, ಇಲ್ಲಿ ಅದನ್ನು ಎರಡಕ್ಷರ ಎಂದೇ ಕರೆಯುತ್ತೇನೆ. ಸಮಾಧಾನವಾಯಿತಾ?

ನಿನ್ನ ಸಿಟ್ಟಿಗೆ ಕಾರಣವಿದೆ, ಇಲ್ಲ ಅನ್ನುವುದಿಲ್ಲ. ನಿನ್ನ ಕ್ಲಾಸಿನಲ್ಲಿ ಒಂದು ಸಲ ಕರೆದರೆ ನಾಲ್ವರು ಎದ್ದು ನಿಲ್ಲುತ್ತಾರೆ, ಕುಳ್ಳ ಎರಡಕ್ಷರ, ಕನ್ನಡಕದ ಎರಡಕ್ಷರ ಎಂದು ವಿಂಗಡಿಸಿ ಕರೆಯಬೇಕು. ಹಾಲು ಹಾಕುವವರು ಅದೇ, ಬ್ಯಾಂಕಿನ ಕ್ಯಾಷಿಯರ್ ಅದೇ, ಬಸ್ಸಿನಲ್ಲಿ ಯಾರೋ ಆ ಹೆಸರು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. "ನನ್ನ ಮಗ ಹುಟ್ಟಿದ ದಿನದಿಂದಲೇ ಕ್ಯೂನಲ್ಲಿ ನಿಲ್ಲೋದು ಬೇಡ" ಎಂದು ನೀನು ಹೇಳಿದ್ದು ನನಗೂ ಸರಿ ಅನ್ನಿಸಿತು. ಆದರೆ ನಿನ್ನ ಗಂಡ ಆ ಹೆಸರಿಗೆ ಗಂಟುಬಿದ್ದಿರುವುದು ನನ್ನ ಕಿತಾಪತಿ ಎಂದು ಹೊರಿಸಿದೆಯಲ್ಲ, ಅದಕ್ಕೆ ಪಿತ್ತ ನೆತ್ತಿಗೇರಿತು. ದಿನಕ್ಕೆ ಹತ್ತು ಮಾತಾಡದ ಮನುಷ್ಯ, ತಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿಕೊಂಡು ತಲೆ ತಗ್ಗಿಸಿ ಕೂರುವವರು, ನನ್ನ ಮಾತು ಕೇಳಿ ಹಟ ಹಿಡಿಯುತ್ತಾರಾ? ಅವರಿಗೆ ಯಾಕೆ ಅದೇ ಬೇಕೋ ನನಗೇನು ಗೊತ್ತು. ನಾನು ಯಾರ ಕಿವಿಯನ್ನೂ ಊದಿಲ್ಲ.

ಹೋದ ಫೋನಿನಲ್ಲಿ, ಕಟ್ ಮಾಡುವ ಮುಂಚೆ, ನೀನು ಇನ್ನೊಂದು ಮಾತು ಅಂದೆ. "ಊರ ಮಕ್ಕಳ ಹೆಸರೆಲ್ಲ ನಿನಗೆ ಬಾಯಿಪಾಠ. ನಾನು ಮಾತ್ರ ಆ ಕೌಂಟರ್ ಕೆಳಗೆ ಒಬ್ಬಳೇ ಕೂತಿರ್ತಿದ್ದೆ." ಮೂರು ದಿನ ಊಟ ಸೇರಲಿಲ್ಲ ಕಣೇ. ಕೂರಿಸಿದ್ದು ನಿಜ. ಆದರೆ ನೀನು ಒಬ್ಬಳೇ ಇರಲಿಲ್ಲ. ಅದನ್ನು ಹೇಳಬೇಕೆಂದೇ ಡಬ್ಬಿಯ ಊಟ ಬದಿಗಿಟ್ಟು ಬರೆಯುತ್ತಿದ್ದೇನೆ.

ನಿನ್ನ ಕಾಗದದಲ್ಲಿ ಎರಡಕ್ಷರದ ಮುಂದೆ ಏನು ಅಚ್ಚಾಗಿದೆ ನೋಡು. ಅರ್ಥ: ಜೊತೆ ಬಿಡದವನು. ಮೂಲ: ಅತಿ ಪ್ರಾಚೀನ. ಜನಪ್ರಿಯತೆ: ಮೂರನೇ ಸ್ಥಾನ.

ಆ ಅರ್ಥ ಕೊಟ್ಟವಳು ನಾನು. ಹನ್ನೆರಡು ವರ್ಷದ ಹಿಂದೆ ಮಕ್ಕಳ ಹೆಸರಿನ ಪುಸ್ತಕ ಮಾಡುವವರೊಬ್ಬರು ಹೆಗಲಿಗೊಂದು ಚೀಲ ನೇತುಹಾಕಿಕೊಂಡು ಬಂದು, ಜನ ಈಚೆಗೆ ಹೆಚ್ಚಾಗಿ ಇಡುತ್ತಿರುವ ಹೆಸರು ಯಾವುವು ಎಂದು ಕೇಳಿದರು. ಅದೂ ಊಟದ ಹೊತ್ತಿಗೆ! ಹೇಳಿದೆ. ಎರಡಕ್ಷರದ ಹತ್ತಿರ ಬಂದಾಗ, "ಇದರ ಅರ್ಥ ಯಾವ ನಿಘಂಟಿನಲ್ಲೂ ಸಿಗ್ಲಿಲ್ಲವಲ್ಲ ಮೇಡಂ" ಎಂದು ತಲೆ ಕೆರೆದುಕೊಂಡರು. ನನ್ನ ಬಾಯಲ್ಲಿ ತುತ್ತಿತ್ತು. "ಜೊತೆ ಬಿಡದವನು ಅಂತ ಬರ್ಕೊಳ್ಳಿ" ಅಂದೆ. ಮೂಲ ಯಾವುದು ಅಂದರು. "ತುಂಬಾ ಹಳೇದು, ಈಗ ಊಟ ಮಾಡ್ಲಾ?" ಅಂದೆ. ಪುಣ್ಯಾತ್ಮರು ಹಾಗೇ ಬರೆದುಕೊಂಡರು. ಅವರ ಪುಸ್ತಕದಿಂದ ಇನ್ನೊಬ್ಬರು ಎತ್ತಿಕೊಂಡರು, ಅಲ್ಲಿಂದ ಫೋನಿಗೆ ಬಂತು, ಫೋನಿನಿಂದ ನಿನ್ನ ಕಾಗದಕ್ಕೆ. ನನ್ನ ಊಟದ ತುತ್ತು ಅತಿ ಪ್ರಾಚೀನವಾಯಿತು. ಬುಧವಾರ ಓದಿದಾಗ ನಗು ಬಂತು, ಆಮೇಲೆ ನಗು ನಿಂತುಹೋಯಿತು.

ಅದು ಯಾವ ಭಾಷೆಯ ಹೆಸರೂ ಅಲ್ಲ ಮಗಳೇ. ಅದರ ಮೂಲ ನೀನು.

ನಿನಗೆ ಮೂರು ವರ್ಷ. ನಿಮ್ಮಪ್ಪ ಕೆಲಸಕ್ಕೆಂದು ದೂರ ಹೋಗಿ ಅಲ್ಲೇ ಬೇರೆ ಸಂಸಾರ ಹೂಡಿದ ವರ್ಷ. ನನಗೆ ಈ ನೌಕರಿ ಹೊಸದು. ನಿನ್ನನ್ನು ನೋಡಿಕೊಳ್ಳಲು ದಿಕ್ಕಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಕೌಂಟರಿನ ಮರದ ಹಲಗೆಯ ಕೆಳಗೆ, ನನ್ನ ಕಾಲಿನ ಹತ್ತಿರ, ಬಟ್ಟೆಯಲ್ಲಿ ಕಟ್ಟಿದ ಹಳೇ ರಿಜಿಸ್ಟರುಗಳ ಗಂಟಿನ ಮೇಲೆ ನಿನ್ನನ್ನು ಕೂರಿಸುತ್ತಿದ್ದೆ. ಹೊರಗೆ ನಿಂತ ಜನಕ್ಕೆ ಕಾಣುತ್ತಿರಲಿಲ್ಲ. ಸಾಹೇಬರು ರೌಂಡಿಗೆ ಬಂದರೆ ಕಾಲಿನಿಂದ ಮೆಲ್ಲಗೆ ತಟ್ಟುತ್ತಿದ್ದೆ, ನೀನು ಗಪ್‌ಚುಪ್. ಆಡಲು ನಿನಗೆ ಅಕ್ಷರ ಸವೆದ ನಾಲ್ಕು ರಬ್ಬರ್ ಮೊಹರು ಕೊಟ್ಟಿದ್ದೆ. ಸ್ವಲ್ಪ ದಿನಕ್ಕೆ ಕೆಳಗಿನಿಂದ ಪಿಸಪಿಸ ಮಾತು ಕೇಳಲು ಶುರುವಾಯಿತು. ಯಾರ ಹತ್ತಿರ ಮಾತಾಡ್ತೀಯೇ ಎಂದರೆ, ಅಣ್ಣನ ಹತ್ತಿರ ಅಂದೆ. ನಿನಗೆಲ್ಲಿಯ ಅಣ್ಣ! ಹೆಸರೇನಂತೆ ಎಂದು ಕೇಳಿದೆ. ಆಗ ನೀನು ಹೇಳಿದ್ದು ಆ ಎರಡಕ್ಷರ. ಎಲ್ಲೂ ಕೇಳಿದ್ದಲ್ಲ, ಯಾರೂ ಹೇಳಿಕೊಟ್ಟದ್ದಲ್ಲ. ನಿನ್ನ ಬಾಯಿಗೆ ಸುಮ್ಮನೆ ಬಂದದ್ದು.

ಅಣ್ಣ ನಿನ್ನ ಜೊತೆ ಕೂರುತ್ತಿದ್ದ, ನಿನ್ನ ಜೊತೆ ನಿದ್ದೆ ಮಾಡುತ್ತಿದ್ದ. ಹತ್ತು ಗಂಟೆಗೆ ನಾನು ಬಿಸ್ಕತ್ತು ಕೊಟ್ಟರೆ ಇನ್ನೊಂದು ಕೈ ಚಾಚಿ, "ಅಣ್ಣಂಗೂ" ಎನ್ನುತ್ತಿದ್ದೆ. ಒಂದು ಪೊಟ್ಟಣ ಒಂದು ವಾರ ಬರಬೇಕಾಗಿದ್ದ ಕಾಲ ಅದು. ಎಷ್ಟೋ ಸಲ ರೇಗಿದ್ದೇನೆ, ಅಣ್ಣನೂ ಇಲ್ಲ ಗಿಣ್ಣನೂ ಇಲ್ಲ, ಸುಮ್ನೆ ತಿನ್ನು ಎಂದಿದ್ದೇನೆ.

ಒಂದು ಸಂಜೆ ಬಾಗಿಲು ಹಾಕುವ ಹೊತ್ತಿಗೆ ಗಾರೆ ಕೆಲಸದ ಗಂಡ ಹೆಂಡತಿ ಬಂದರು. ಅವರ ಮಗುವಿಗೂ ಅದೇ ಕೊನೆಯ ದಿನ. ಗಂಡನಿಗೆ ಅವನ ಅಪ್ಪನ ಹೆಸರು ಬೇಕು, ಹೆಂಡತಿಗೆ ಅವಳ ಅಪ್ಪನ ಹೆಸರು. ಕೌಂಟರಿನ ಮುಂದೆಯೇ ಜಗಳ. ಒಳಗಿನಿಂದ ಸಾಹೇಬರು, "ಇನ್ನೂ ಆಗಿಲ್ವೇನ್ರೀ?" ಎಂದು ಕೂಗುತ್ತಿದ್ದಾರೆ. ನನ್ನ ತಲೆ ಚಿಟ್ಟು ಹಿಡಿದು, "ಯಾವ್ದಾದ್ರೂ ಒಂದು ಹೇಳ್ರಪ್ಪಾ!" ಅಂದೆ. ಆಗ ಹಲಗೆಯ ಪಕ್ಕದಿಂದ ನಿನ್ನ ತಲೆ ಹೊರಗೆ ಬಂತು. "ನಮ್ಮಣ್ಣನ ಹೆಸರು ತಗೊಳ್ಳಿ" ಅಂದೆ. ಹೆಸರೂ ಹೇಳಿದೆ. ಅವರಿಬ್ಬರೂ ಜಗಳ ಮರೆತು ನಕ್ಕರು. ಹೆಂಡತಿ ಆ ಎರಡಕ್ಷರವನ್ನು ನಾಲ್ಕೈದು ಸಲ ಬಾಯಲ್ಲಿ ಆಡಿಸಿ ನೋಡಿ, "ಚೆನ್ನಾಗೈತಲ್ಲಾ" ಅಂದಳು. ಗಂಡ ತಲೆಯಾಡಿಸಿದ. ಬರೆದೆ. ಆ ಹೆಸರು ಮೊದಲ ಸಲ ಕಾಗದಕ್ಕೆ ಇಳಿದದ್ದು ಅವತ್ತು.

ಅವರು ಹೋದ ಮೇಲೆ ನೀನು ನನ್ನ ಸೆರಗು ಎಳೆದು, "ಅಣ್ಣ ಈಗ ಅವ್ರ ಮನೆಗೆ ಹೋಗ್ತಾನಾ?" ಎಂದು ಕೇಳಿದೆ. ನಾನು ಕೂತು ಹೇಳಬಹುದಿತ್ತು. ಹೆಸರು ಮಾತ್ರ ಹೋಯ್ತು, ಅಣ್ಣ ಇಲ್ಲೇ ಇದ್ದಾನೆ ಎಂದು ಎರಡು ಮಾತು. ಬಾಗಿಲು ಹಾಕುವ ಅವಸರ, ದಿನವಿಡೀ ಕೂತ ಸೊಂಟ ನೋವು, ನಾಳೆಯಿಂದ ಒಂದು ಬಿಸ್ಕತ್ತು ಉಳಿಯುತ್ತದೆ ಎಂಬ ದರಿದ್ರ ಯೋಚನೆ. "ಹೂಂ, ಹೋದ" ಅಂದೆ.

ಮಾರನೆಯ ದಿನ ಕೆಳಗಿನಿಂದ ಒಂದು ಪಿಸುಮಾತೂ ಬರಲಿಲ್ಲ. ಹತ್ತು ಗಂಟೆಗೆ ನಾನು ಎರಡು ಬಿಸ್ಕತ್ತು ಕೊಟ್ಟೆ. ನೀನು ಒಂದನ್ನು ತೆಗೆದುಕೊಂಡು ಇನ್ನೊಂದನ್ನು ನನ್ನ ಕೈಗೇ ವಾಪಸ್ ಇಟ್ಟು, "ಒಂದೇ ಸಾಕು" ಅಂದೆ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ನೀನು ಅಳಲಿಲ್ಲ. ಸಂಜೆ ಮನೆಗೆ ಹೋಗುವಾಗ ಅಣ್ಣ ಬಂದಿದ್ದಾನೆ ನೋಡು, ಗಂಟಿನ ಮೇಲೆ ಕೂತಿದ್ದಾನೆ ನೋಡು ಎಂದು ನಾಟಕ ಮಾಡಿದೆ. ನೀನು ನನ್ನನ್ನೇ ಪಾಪ ಎಂಬಂತೆ ನೋಡಿದೆ. ನಿನ್ನ ಜೊತೆಗಿದ್ದ ಒಂದೇ ಒಂದು ಜೀವವನ್ನು ನಾನು ಒಂದು ಮಾತಿನಲ್ಲಿ ಮನೆ ಬಿಟ್ಟು ಕಳಿಸಿದ್ದೆ. ನೀನು ಒಬ್ಬಳೇ ಕೂತಿದ್ದೆ ಎನ್ನುವುದು ಆ ದಿನದಿಂದ ಆಚೆಗೆ ನಿಜ, ಮುಂಚೆ ಅಲ್ಲ. ತಪ್ಪು ನನ್ನದು. ಇಪ್ಪತ್ತೆಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ, ನಾಚಿಕೆಯಾಗುತ್ತಿತ್ತು.

ಇನ್ನು ಜನಪ್ರಿಯತೆ. ಅದರ ನಂತರ ಹೆಸರು ತೋಚದೆ ಬಂದವರೆಲ್ಲರಿಗೂ ನಾನು ಅದನ್ನೇ ಹೇಳಿದೆ. ದಿನಕ್ಕೆ ಒಬ್ಬರಾದರೂ ಇರುತ್ತಾರೆ, ಅತ್ತೆಗೊಂದು ಇಷ್ಟ ಮಾವನಿಗೊಂದು ಇಷ್ಟ ಎಂದು ತಲೆ ಮೇಲೆ ಕೈಹೊತ್ತು ಬರುವವರು. ಬಡಗಿಗೆ ಹೇಳಿದೆ, ನರ್ಸಮ್ಮನಿಗೆ ಹೇಳಿದೆ, ಅವಳಿ ಮಕ್ಕಳ ಅಪ್ಪ ಒಬ್ಬ ಎರಡಕ್ಕೂ ಅದನ್ನೇ ಇಡ್ಲಾ ಎಂದು ಕೇಳಿದಾಗ ಬೈದು ಕಳಿಸಿದೆ. ಒಂದು ವರ್ಷ ಮೊಹರಿನವರು ಸುಮ್ಮನೆ ಎಣಿಸಿ ನೋಡಿದರೆ ಅರವತ್ತಮೂರು. "ಇದೇನ್ರೀ ಮೇಡಂ, ಏಜೆನ್ಸಿ ತಗೊಂಡಿದ್ದೀರಾ?" ಅಂದರು. ಆಮೇಲೆ ನಾನು ಹೇಳುವುದೇ ಬೇಡವಾಯಿತು, ಪಕ್ಕದ ಮನೆಯ ಮಗುವಿನ ಹೆಸರು ಕೇಳಿ ಇವರು ಇಟ್ಟರು, ಇವರದು ಕೇಳಿ ಅವರು.

ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತೀಯ. ಬುದ್ಧಿಯಿರುವ ಹೆಂಗಸು ಮಾಡುವ ಕೆಲಸವಲ್ಲ, ಗೊತ್ತು. ಒಬ್ಬ ಅಣ್ಣನನ್ನು ನಾನು ಕಳಿಸಿಬಿಟ್ಟೆ, ವಾಪಸ್ ಕರೆಸಲು ಬರುವುದಿಲ್ಲ. ಹಾಗಾಗಿ ನೀನು ಎಲ್ಲಿಗೆ ಹೋದರೂ, ಯಾವ ಬೀದಿಗೆ ತಿರುಗಿದರೂ, ಆ ಹೆಸರಿನವನು ಒಬ್ಬ ಇರಲಿ ಎಂದು ಊರ ತುಂಬ ಇಟ್ಟುಬಿಟ್ಟೆ. ಅದಕ್ಕೇ ನಿನ್ನ ಹಾಲಿನವರು, ಅದಕ್ಕೇ ನಿನ್ನ ಕ್ಯಾಷಿಯರ್, ಅದಕ್ಕೇ ನಿನ್ನ ಕ್ಲಾಸಿನ ನಾಲ್ವರು. ನೀನು ಅವರನ್ನು ಕಂಡು ಮೂಗು ಮುರಿಯುತ್ತೀಯ ಎಂದು ನನಗೇನು ಕನಸು ಬಿದ್ದಿತ್ತಾ?

ಇಷ್ಟೆಲ್ಲ ಹೇಳಿದ್ದು ಅದನ್ನೇ ಇಡು ಎನ್ನುವುದಕ್ಕಲ್ಲ. ಹೆಸರನ್ನು ಒಬ್ಬರ ಮೇಲೆ ಹೇರಬಾರದು, ಅಷ್ಟು ನನ್ನ ಕೌಂಟರ್ ನನಗೆ ಕಲಿಸಿದೆ. ಸೀನುವ ಹೆಸರೇ ಆಗಲಿ, ಮೌನವೇ ಆಗಲಿ, ತಂದರೆ ಕಣ್ಣಿಗೊತ್ತಿಕೊಂಡು ಬರೆಯುತ್ತೇನೆ. ಆದರೆ ಬಾ. ಸ್ಕೂಲಿಗೆ ಅರ್ಧ ದಿನ ರಜೆ ಹಾಕು. ಗುಂಡನನ್ನೂ ಎತ್ತಿಕೊಂಡು ಬಾ, ಅವನಿಗೆ ಟೋಪಿ ಹಾಕು, ಇಲ್ಲಿನ ಫ್ಯಾನ್ ನೇರ ನೆತ್ತಿಗೆ ಬಡಿಯುತ್ತದೆ.

ಬೆಲ್ ಆಯಿತು. ಕೌಂಟರಿನ ಮುಂದೆ ಆಗಲೇ ಆರು ಜನ, ಒಬ್ಬನ ಮುಖ ನೋಡಿದರೇ ಹೆಸರು ತೋಚಿಲ್ಲ ಎಂದು ಗೊತ್ತಾಗುತ್ತಿದೆ. ನಿನ್ನ ಅಪ್ಪಣೆಯಂತೆ ಅವನಿಗೆ ಬೇರೆ ಏನಾದರೂ ಹೇಳುತ್ತೇನೆ.

ಕೋಪ ಪೂರ್ತಿ ಇಳಿಯದ,
ನಿನ್ನ ಅಮ್ಮ

ತಾ. ಕ.: ಅಳಿಯಂದಿರಿಗೆ ಯಾಕೆ ಆ ಹೆಸರು ಬೇಕೋ ನನಗೇನು ಗೊತ್ತು ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಬುಧವಾರ ಅವರು ಪಟ್ಟಿ ಕೊಟ್ಟು ಸುಮ್ಮನೆ ಹೋಗಲಿಲ್ಲ. ಎಲ್ಲರ ಹಾಗೆ ಕ್ಯೂನಲ್ಲಿ ನಿಂತು, ಸರದಿ ಬಂದ ಮೇಲೆ ತಲೆ ತಗ್ಗಿಸಿ ಹೇಳಿದರು, ನಿನಗೆ ಹೇಳಬಾರದು ಎಂದು ಮಾತೂ ತೆಗೆದುಕೊಂಡರು. ಆ ಮಾತು ಮುರಿಯುತ್ತಿದ್ದೇನೆ. ಗುಂಡ ಹುಟ್ಟಿದ ಮಧ್ಯಾಹ್ನ ನಿನಗೆ ಕೊಟ್ಟದ್ದು ಬರೀ ಗ್ಲೂಕೋಸ್ ಅಲ್ಲ. ರಕ್ತ ನಿಲ್ಲದೆ ನೀನು ಕೈತಪ್ಪಿ ಹೋಗುವುದರಲ್ಲಿದ್ದೆ. ನನ್ನನ್ನು ಬಟ್ಟೆ ತರಲು ಮನೆಗೆ ಓಡಿಸಿದ್ದು ನೆಪ. ನಿನ್ನ ಗುಂಪಿನ ರಕ್ತ ಅಲ್ಲಿ ಮುಗಿದಿತ್ತು, ಆಸ್ಪತ್ರೆಯ ಲಿಫ್ಟ್ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಒಬ್ಬರು ಪಾನೆ ಕೆಳಗಿಟ್ಟು ಬಂದು ಮಲಗಿ ಕೊಟ್ಟರಂತೆ. ಹೆಸರು ಕೇಳಿದರೆ ಎರಡಕ್ಷರ. ನಿನ್ನ ಗಂಡನಿಗೆ ನಾನು ಮೇಲೆ ಬರೆದದ್ದು ಯಾವುದೂ ಗೊತ್ತಿಲ್ಲ, ಅವರಿಗೆ ಗೊತ್ತಿರುವುದು ಇಷ್ಟೇ. ನೀನು ಹೆದರುತ್ತೀಯ ಎಂದು ಒಂದು ವರ್ಷ ಬಾಯಿ ಹೊಲಿದುಕೊಂಡು ನಿನ್ನಿಂದ ಮೊಂಡ ಅನ್ನಿಸಿಕೊಂಡಿದ್ದಾರೆ.

ಅವರು ಹೋದ ಮೇಲೆ, ಅವರು ಅವತ್ತು ಕೇಳಿಟ್ಟುಕೊಂಡಿದ್ದ ಆ ಮೆಕ್ಯಾನಿಕ್‌ನ ಅಪ್ಪನ ಹೆಸರು ಹಿಡಿದು, ಹಳೇ ರಿಜಿಸ್ಟರು ತೆಗೆಸಿ ಹುಡುಕಿದೆ. ಗಾರೆಯವರ ಮಗನೇ ಇರಬಹುದಾ ಎಂದು ಮೊದಲು ಆ ಪುಟವನ್ನೇ ತೆರೆದೆ. ಅಲ್ಲ. ಇವನು ಬೀಗ ರಿಪೇರಿಯವರೊಬ್ಬರ ಮಗ, ನಿನಗಿಂತ ಐದು ವರ್ಷ ಚಿಕ್ಕವನು. ಅಕ್ಷರ ಮಾತ್ರ ನನ್ನದೇ.

ಗುರುವಾರ ಕೌಂಟರ್ ಐದಕ್ಕೆ ಮುಚ್ಚುತ್ತದೆ. ಬಿಸ್ಕತ್ತಿನ ಹೊಸ ಪೊಟ್ಟಣ ಡ್ರಾಯರಿನಲ್ಲಿದೆ, ಒಡೆದಿಲ್ಲ. ಎಷ್ಟು ಬೇಕೋ ಅಷ್ಟು ಕೇಳು.